ಪತಂಗಗಳ ಮೇಷ್ಟ್ರು ಫಾಬ್ರೆ

ಹಗಲು ಹೊತ್ತು ಮನೆಯೊಳಗೆ ಒಂದು ಚಿಟ್ಟೆ ಬಂದರೆ ಮಕ್ಕಳನ್ನು ಕರೆದು ತೋರಿಸುತ್ತೇವೆ. ರಾತ್ರಿ ದೀಪಕ್ಕೆ ಪತಂಗ ಮುತ್ತಿದರೆ ಪೊರಕೆ ಹುಡುಕುತ್ತೇವೆ. ಈ ಎರಡನ್ನೂ ಒಂದೇ ಗೌರವದಿಂದ ಕಂಡವರು ಫ್ರಾನ್ಸ್ ದೇಶದ ಜ್ಯಾಂ ಆನ್ರಿ ಫಾಬ್ರೆ. ಅವರ ಬದುಕಿನಲ್ಲಿ ಕ್ರೈಸ್ತಸಭೆಗೆ ಹೆಮ್ಮೆ ತರುವ ಸಂಗತಿಗಳಿವೆ, ತಲೆ ತಗ್ಗಿಸುವಂಥದ್ದೂ ಒಂದಿದೆ. ಎರಡನ್ನೂ ಹೇಳುವುದು ನ್ಯಾಯ.

ಫಾಬ್ರೆಯವರು 1823ರ ಡಿಸೆಂಬರಿನಲ್ಲಿ ದಕ್ಷಿಣ ಫ್ರಾನ್ಸಿನ ಸೇಂಟ್ ಲಿಯೋನ್ಸ್ ಎಂಬ ಹಳ್ಳಿಯ ಬಡ ಕುಟುಂಬದಲ್ಲಿ ಹುಟ್ಟಿದರು. ತಂದೆ ಊರಿಂದೂರಿಗೆ ಹೋಗಿ ಹೋಟೆಲು ಇಟ್ಟರು, ಎಲ್ಲಿಯೂ ಕೈ ಹತ್ತಲಿಲ್ಲ. ರೊಡೆಜ್ ಊರಿನ ಶಾಲೆಯಲ್ಲಿ ಶುಲ್ಕ ಕಟ್ಟಲು ಹಣವಿಲ್ಲದೆ, ಅಲ್ಲಿನ ಪ್ರಾರ್ಥನಾಲಯದಲ್ಲಿ ಪೂಜೆಗೆ ಸೇವೆ ಮಾಡುವ ಬಾಲಕನಾಗಿ ನಿಂತು ಅದರ ಬದಲಿಗೆ ಪಾಠ ಕಲಿತರು. ಮುಂದೆ ಅದೂ ತಪ್ಪಿ, ಸಂತೆಯಲ್ಲಿ ನಿಂಬೆಹಣ್ಣು ಮಾರಿದರು, ರೈಲು ಹಳಿ ಹಾಕುವಲ್ಲಿ ಕೂಲಿ ಮಾಡಿದರು. ವಿದ್ಯಾರ್ಥಿವೇತನ ದೊರೆತು ಶಿಕ್ಷಕರ ತರಬೇತಿ ಮುಗಿಸಿ, ಹತ್ತೊಂಬತ್ತು ತುಂಬುವ ಮುನ್ನವೇ ಕಾರ್ಪೆಂತ್ರಾ ಎಂಬಲ್ಲಿ ಮೇಷ್ಟ್ರಾದರು. ವರ್ಷಕ್ಕೆ 700 ಫ್ರಾಂಕ್ ಸಂಬಳ. ಆ ಸಂಬಳದಲ್ಲಿ ಒಂದು ತಿಂಗಳ ಪೂರ್ತಿ ಹಣವನ್ನು ಕೊಟ್ಟು ಕೀಟಗಳ ಕುರಿತ ಒಂದು ಪುಸ್ತಕ ಕೊಂಡರು. ಮನೆಯಲ್ಲಿ ಅಡಿಗೆಗೆ ಏನಿತ್ತೋ ಆ ತಿಂಗಳು!

ಅವಿನ್ಯೋಂ ನಗರದಲ್ಲಿ ಅಧ್ಯಾಪಕರಾಗಿದ್ದಾಗ, 1865ರಲ್ಲಿ, ಅವರ ಮನೆಗೆ ಲೂಯಿ ಪಾಸ್ಚರ್ ಬಂದರು. ರೇಷ್ಮೆಹುಳುಗಳಿಗೆ ರೋಗ ತಗುಲಿ ದಕ್ಷಿಣ ಫ್ರಾನ್ಸಿನ ರೈತರು ಹಾಳಾಗುತ್ತಿದ್ದ ಕಾಲವದು. ಫಾಬ್ರೆಯವರು ಕೊಟ್ಟ ರೇಷ್ಮೆಗೂಡನ್ನು ಪಾಸ್ಚರ್ ಕಿವಿಯ ಬಳಿ ಅಲ್ಲಾಡಿಸಿ, ಒಳಗೇನೋ ಇದೆಯಲ್ಲ ಎಂದು ಆಶ್ಚರ್ಯಪಟ್ಟರಂತೆ. ಗೂಡಿನೊಳಗೆ ಕೋಶ ಇರುವುದೂ ತಿಳಿಯದ ಮನುಷ್ಯ ಈ ರೋಗವನ್ನು ಗೆಲ್ಲಲು ಹೊರಟಿದ್ದರು, ಗೆದ್ದರು ಕೂಡ. ನಮ್ಮ ರಾಮನಗರ, ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರು ಗಂಟುರೋಗ ಎನ್ನುವುದು ಇದನ್ನೇ. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಪದ್ಧತಿ ಪಾಸ್ಚರ್ ಕೊಟ್ಟದ್ದು. ಅಂದು ಪಾಸ್ಚರ್ ಫಾಬ್ರೆಯವರ ದ್ರಾಕ್ಷಾರಸದ ನೆಲಮಾಳಿಗೆಯನ್ನೂ ನೋಡಬೇಕೆಂದರು. ಬಡ ಮೇಷ್ಟ್ರು ಅಡಿಗೆಮನೆಯಲ್ಲಿ ಕುರ್ಚಿಯೊಂದರ ಮೇಲಿದ್ದ ಒಂದೇ ಒಂದು ಜಾಡಿಯನ್ನು ತೋರಿಸಿದರು.

ಇನ್ನು ಆ ಕಹಿ ಸಂಗತಿ. ಆಗ ಫ್ರಾನ್ಸಿನಲ್ಲಿ ಹೆಣ್ಣುಮಕ್ಕಳಿಗೆ ವಿಜ್ಞಾನ ಕಲಿಸುವುದೇ ಹೊಸತು. ಫಾಬ್ರೆಯವರು ಅವರಿಗೆ ಉಚಿತವಾಗಿ ಪಾಠ ಹೇಳತೊಡಗಿದರು. ಒಂದು ದಿನ ಹೂವಿನ ಕೇಸರ, ಪರಾಗ, ಕಾಯಿ ಕಟ್ಟುವ ಬಗೆ ಇವನ್ನು ವಿವರಿಸಿದರು. ಅಷ್ಟಕ್ಕೇ ಊರಿನ ಕೆಲವರು ಸಿಡಿದೆದ್ದರು. ದೇವಾಲಯದ ಪ್ರಬೋಧನ ಪೀಠದಿಂದಲೂ ಅವರ ಮೇಲೆ ಟೀಕೆ ಬಂತು. ಬಾಡಿಗೆ ಮನೆಯ ಒಡತಿಯರಾದ ಇಬ್ಬರು ಭಕ್ತ ವೃದ್ಧೆಯರು ಮನೆ ಬಿಡಿಸಿದರು. ಹೂವು ಕಾಯಾಗುವ ಬಗೆ ದೇವರದೇ ಏರ್ಪಾಡು. ಅದನ್ನು ಹೇಳಿದವನನ್ನು ಹೆಂಡತಿ ಮಕ್ಕಳ ಸಮೇತ ಬೀದಿಗೆ ಹಾಕಿದವರು ನಮ್ಮವರೇ ಎಂಬುದನ್ನು ಧರ್ಮಗುರುವಾಗಿ ನಾನು ಮುಚ್ಚಿಡಲಾರೆ. ಆ ಹೊತ್ತಿನಲ್ಲಿ 3000 ಫ್ರಾಂಕ್ ಸಾಲ ಕೊಟ್ಟು ಕಾಪಾಡಿದವರು ಇಂಗ್ಲಿಷ್ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್, ನಮ್ಮ ವಿಶ್ವಾಸವನ್ನು ಒಪ್ಪದ ಮನುಷ್ಯ. ಪತ್ರ, ಸಾಕ್ಷಿ ಯಾವುದನ್ನೂ ಅವರು ಕೇಳಲಿಲ್ಲ. ಫಾಬ್ರೆ ಆ ಸಾಲವನ್ನು ತೀರಿಸಿದರು.

ಆಮೇಲೆ ಶಾಲಾ ಪುಸ್ತಕಗಳನ್ನು ಬರೆದು ಸಂಸಾರ ಸಾಗಿಸಿದರು. 1877ರಲ್ಲಿ ಹುಳುಗಳ ಬೇಟೆಯಲ್ಲಿ ಜೊತೆಗಾರನಾಗಿದ್ದ ಹದಿಹರೆಯದ ಮಗ ಜೂಲ್ ತೀರಿಕೊಂಡ. ಹೊಸದಾಗಿ ಗುರುತಿಸಿದ ಕಣಜಗಳಿಗೆ ಆ ಮಗನ ಹೆಸರಿಟ್ಟರು ತಂದೆ. 1879ರಲ್ಲಿ ಸೆರಿನ್ಯಾಂ ಹಳ್ಳಿಯಲ್ಲಿ ಕಲ್ಲು ಮುಳ್ಳು ತುಂಬಿದ ಒಂದು ಬೀಳು ಜಮೀನು ಕೊಂಡರು. ಯಾರಿಗೂ ಬೇಡವಾದ ಆ ನೆಲವೇ ಅವರಿಗೆ ಮೂವತ್ತಾರು ವರ್ಷ ಪ್ರಯೋಗಶಾಲೆಯಾಯಿತು.

ಅಲ್ಲಿ ಒಂದು ಮೇ ತಿಂಗಳ ಬೆಳಿಗ್ಗೆ ಗೂಡಿನಿಂದ ಒಂದು ದೊಡ್ಡ ನವಿಲು ಪತಂಗ ಹೊರಬಂತು, ಹೆಣ್ಣು. ಅದನ್ನು ತಂತಿ ಬಲೆಯ ಮುಚ್ಚಳದಡಿ ಇಟ್ಟರು. ರಾತ್ರಿ ಒಂಬತ್ತರ ಹೊತ್ತಿಗೆ ಮನೆಯೆಲ್ಲಾ ಗದ್ದಲ. ಪುಟ್ಟ ಮಗ ಪೋಲ್ ಅರ್ಧ ಬಟ್ಟೆಯಲ್ಲೇ ಕುಣಿದಾಡುತ್ತಾ ಅಪ್ಪನನ್ನು ಕೂಗುತ್ತಿದ್ದ; ಅಡಿಗೆಯವಳು ಬಾವಲಿಗಳೆಂದು ತಿಳಿದು ಸೆರಗಿನಂಥ ಮೇಲುಬಟ್ಟೆ ಬೀಸುತ್ತಿದ್ದಳು. ಮೇಣದ ಬತ್ತಿ ಹಿಡಿದು ಹೋಗಿ ನೋಡಿದರೆ, ಕಿಟಕಿಯಿಂದ ನುಗ್ಗಿದ ಸುಮಾರು ನಲವತ್ತು ಗಂಡು ಪತಂಗಗಳು! ಎಂಟು ರಾತ್ರಿಗಳಲ್ಲಿ ಒಟ್ಟು ನೂರೈವತ್ತರಷ್ಟು ಬಂದವು. ಈ ಪತಂಗ ಆ ಸುತ್ತಿನಲ್ಲಿ ಅಪರೂಪ. ಬಲಿತ ಮೇಲೆ ಅದು ಏನನ್ನೂ ತಿನ್ನುವುದಿಲ್ಲ; ಬದುಕುವ ಕೆಲವೇ ದಿನಗಳನ್ನು ಸಂಗಾತಿಯನ್ನು ಹುಡುಕುವುದಕ್ಕೇ ಕಳೆಯುತ್ತದೆ.

ಕತ್ತಲಲ್ಲಿ ದಾರಿ ತೋರಿಸಿದ್ದು ಏನು? ಫಾಬ್ರೆಯವರು ಅವಸರಪಡಲಿಲ್ಲ. ಹೆಣ್ಣನ್ನು ಬಿಗಿಯಾದ ಪೆಟ್ಟಿಗೆಯಲ್ಲಿಟ್ಟರು, ಒಂದೂ ಬರಲಿಲ್ಲ. ಸ್ವಲ್ಪ ಸಂದು ಬಿಟ್ಟರು, ಬಂದವು. ನುಸಿಗುಳಿಗೆಯ ಘಾಟು ತುಂಬಿಸಿದರೂ ಬಂದವು. ಇದು ವಾಸನೆಯ ಕೆಲಸವೇ ಎಂದು ಅವರಿಗೇ ಅನುಮಾನವಾಯಿತು. ಮತ್ತೆ ವರ್ಷಗಟ್ಟಲೆ ಕಾದು ಬೇರೊಂದು ಜಾತಿಯ ಪತಂಗ ಸಿಕ್ಕಾಗ, ಹೆಣ್ಣನ್ನು ಗಾಜಿನ ಮುಚ್ಚಳದಡಿ ಎದುರಿಗೇ ಇಟ್ಟರು. ಬಂದ ಗಂಡುಗಳು ಅದನ್ನು ತಿರುಗಿಯೂ ನೋಡದೆ, ರಾತ್ರಿ ಅದು ಕುಳಿತಿದ್ದ ಮರಳಿನ ತಟ್ಟೆಯ ಸುತ್ತ ಮುತ್ತಿದವು. ನಮ್ಮ ಮೂಗಿಗೆ ಸಿಗದ ಒಂದು ಪರಿಮಳವಿದೆ ಎಂಬುದು ಖಾತ್ರಿಯಾಯಿತು.

1896ರ ಜನವರಿಯಲ್ಲಿ ಒಂದರ ಹಿಂದೊಂದು ಸಾಲು ಕಟ್ಟುವ ಕಂಬಳಿಹುಳುಗಳು ದೊಡ್ಡ ಕುಂಡದ ಅಂಚಿಗೇರಿ ವೃತ್ತವಾದವು. ಮುಂದಾಳು ಇಲ್ಲ, ಹಿಂಬಾಲಕ ಇಲ್ಲ. ಚಳಿಯಲ್ಲಿ, ಹಸಿವಿನಲ್ಲಿ, ಏಳು ದಿನ ಸುತ್ತಿದವು. ಇದನ್ನು ಭಾನುವಾರದ ಪ್ರಬೋಧನೆಗೆ ಎಳೆದು ತರುವ ಆಸೆ ನಮ್ಮಂಥವರಿಗೆ ಬಾರದಿರದು. ಫಾಬ್ರೆಯವರು ಮಾತ್ರ ಪಕ್ಕದಲ್ಲಿ ಕುಳಿತು ಲೆಕ್ಕ ಬರೆದುಕೊಂಡರು.

ವಿಕಾಸವಾದವನ್ನು ಅವರು ಕೊನೆತನಕ ಒಪ್ಪಲಿಲ್ಲ, ಅವರನ್ನು ಬಹಳ ಮೆಚ್ಚಿದ ಡಾರ್ವಿನ್ನರೊಡನೆ ಪತ್ರವ್ಯವಹಾರ ಇದ್ದರೂ ಸಹ. ಇದನ್ನೇ ಹಿಡಿದು ವಿಜ್ಞಾನವನ್ನು ಜರೆಯುವವರಿದ್ದಾರೆ, ಅದು ಸರಿಯಲ್ಲ. ವಿಕಾಸವಾದ ಬರಿಯ ಊಹೆಗಿಂತ ಹೆಚ್ಚಿನದೆಂದು 1996ರಲ್ಲಿ ಪೋಪ್ ಎರಡನೆಯ ಜಾನ್ ಪಾಲರೇ ಒಪ್ಪಿದ್ದಾರೆ. ಫಾಬ್ರೆಯವರು ಭಾನುವಾರ ತಪ್ಪದ ಭಕ್ತರೇನೂ ಆಗಿರಲಿಲ್ಲ. ಆದರೆ ಸೃಷ್ಟಿಯ ಹಿಂದೆ ಒಂದು ಬುದ್ಧಿಯಿದೆ ಎಂಬುದರಲ್ಲಿ ಅವರಿಗೆ ಸಂದೇಹವಿರಲಿಲ್ಲ. ಕೊನೆಯ ದಿನಗಳಲ್ಲಿ ಒಬ್ಬ ಕನ್ಯಾಸ್ತ್ರೀ ಅವರ ಆರೈಕೆ ಮಾಡಿದರು. ಅಂತ್ಯ ಅಭ್ಯಂಗ ಪಡೆದು, 1915ರ ಅಕ್ಟೋಬರ್ 11ರಂದು, 91ರ ವಯಸ್ಸಿನಲ್ಲಿ ಕಣ್ಮುಚ್ಚಿದರು. ಹಿಂದೊಮ್ಮೆ ಅವರನ್ನು ಹೊರಗಟ್ಟಿದ ಸಭೆಯ ಮಡಿಲಲ್ಲೇ ಅವರ ಕೊನೆಯುಸಿರು.

ಅವರು ಮರಳಿನ ತಟ್ಟೆಯಲ್ಲಿ ಕಂಡ ಗುಟ್ಟು 1959ರಲ್ಲಿ ಬಯಲಾಯಿತು. ಜರ್ಮನಿಯ ಬೂಟೆನಾಂಟ್ ಎಂಬ ವಿಜ್ಞಾನಿ ಸುಮಾರು ಐದು ಲಕ್ಷ ಹೆಣ್ಣು ರೇಷ್ಮೆ ಪತಂಗಗಳಿಂದ ಆ ಪರಿಮಳದ ವಸ್ತುವನ್ನು ಬೇರ್ಪಡಿಸಿದರು. ಕಲಬುರಗಿ ಕಡೆಯ ತೊಗರಿ ಹೊಲಗಳಲ್ಲಿ ಕೋಲಿಗೆ ಕಟ್ಟಿದ ಮೋಹಕ ಬಲೆಗಳನ್ನು ನೀವು ಕಂಡಿರಬಹುದು. ಕಾಯಿಕೊರಕದ ಗಂಡು ಪತಂಗಗಳು ಅದರೊಳಗೆ ಬಂದು ಬೀಳುವುದು ಅಂಥದೇ ಒಂದು ಪರಿಮಳಕ್ಕೆ.