ಹನ್ನೊಂದು ವರ್ಷದ ದಾವೆ



ಕೋರ್ಟು ಕಚೇರಿ ಅಲೆದು ಬಲ್ಲವರು ನಿಮ್ಮಲ್ಲಿ ಅನೇಕರಿದ್ದೀರಿ. ಹೊಲದ ಬದುವಿಗಾಗಿ, ಮನೆಯ ಗೋಡೆಗಾಗಿ ವರ್ಷಗಟ್ಟಲೆ ವಾಯಿದೆಯ ಮೇಲೆ ವಾಯಿದೆ ಕಂಡವರಿದ್ದೀರಿ. ಆದರೆ ತನ್ನ ಮೈ ತನ್ನದು, ತನ್ನ ಹೆಂಡತಿ ಮಕ್ಕಳು ಮತ್ತೊಬ್ಬರ ಸ್ವತ್ತಲ್ಲ ಎಂದು ತೋರಿಸಿಕೊಡಲು ಹನ್ನೊಂದು ವರ್ಷ ಕೋರ್ಟಿನ ಮೆಟ್ಟಿಲು ಹತ್ತಿದವನ ಕಥೆ ಕೇಳಿದ್ದೀರಾ? ಅವನೇ ಅಮೆರಿಕದ ಡ್ರೆಡ್ ಸ್ಕಾಟ್.

1799ರ ಸುಮಾರಿಗೆ ವರ್ಜೀನಿಯಾದಲ್ಲಿ ಅವನು ಗುಲಾಮನಾಗಿ ಹುಟ್ಟಿದ. ಅವನ ಯಜಮಾನ ಪೀಟರ್ ಬ್ಲೋ. ಆ ಕಾಲದಲ್ಲಿ ಬಿಳಿಯರು ಹೊಸ ನೆಲ ಅರಸಿ ಪಶ್ಚಿಮದ ಕಡೆಗೆ ಹೊರಟಿದ್ದರು. ಅಲ್ಲಿ ತಲೆಮಾರುಗಳಿಂದ ಬಾಳಿದ್ದ ಮೂಲನಿವಾಸಿಗಳನ್ನು ಎಬ್ಬಿಸಿ ಅಟ್ಟಲಾಗುತ್ತಿತ್ತು. ಹೀಗೆ ಹೊರಟವರಲ್ಲಿ ಬ್ಲೋ ಕುಟುಂಬವೂ ಒಂದು. 1818ರಲ್ಲಿ ಅಲಬಾಮಾ, 1830ರಲ್ಲಿ ಮಿಸ್ಸೂರಿ ರಾಜ್ಯದ ಸೇಂಟ್ ಲೂಯಿಸ್. ಪಾತ್ರೆ ಪಗಡಿ, ದನಕರುಗಳ ಜೊತೆಗೆ ಗುಲಾಮರೂ ಸಾಗಿದರು. ಹೋಗಲು ಇಷ್ಟವೇ ಎಂದು ಅವರನ್ನು ಕೇಳುವವರು ಯಾರು?

ಹೊಸ ನೆಲ ಸೇರಿದಂತೆಲ್ಲ ದೇಶಕ್ಕೆ ಒಂದೇ ಜಗಳ. ಅಲ್ಲಿ ಗುಲಾಮಗಿರಿ ಇರಬೇಕೋ ಬೇಡವೋ? 1820ರಲ್ಲಿ ಒಂದು ರಾಜಿ ಆಯಿತು. ಮಿಸ್ಸೂರಿ ಗುಲಾಮಗಿರಿಯ ರಾಜ್ಯವಾಗಲಿ. ಅದರ ದಕ್ಷಿಣದ ಗಡಿಗೆರೆಯಿಂದ ಉತ್ತರಕ್ಕಿರುವ ಉಳಿದ ಪಶ್ಚಿಮದ ಪ್ರಾಂತಗಳಲ್ಲಿ ಅದು ಬೇಡ, ಎಂದು. ಭೂಪಟದ ಮೇಲೆ ಎಳೆದ ಆ ಗೆರೆಯೇ ಮುಂದೆ ಡ್ರೆಡ್‌ನ ಪಾಲಿಗೆ ಆಸೆಯ ಎಳೆಯಾಯಿತು.

ಬ್ಲೋ ತೀರಿಕೊಂಡದ್ದು 1832ರಲ್ಲಿ. ಡ್ರೆಡ್ ಸೈನ್ಯದ ವೈದ್ಯ ಜಾನ್ ಎಮರ್ಸನ್ ಎಂಬವನ ಪಾಲಾದ. ವೈದ್ಯನಿಗೆ ವರ್ಗವಾದ ಕಡೆಗೆಲ್ಲ ಅವನೂ ಹೋಗಬೇಕಾಯಿತು. ಮೊದಲು ಗುಲಾಮಗಿರಿ ನಿಷೇಧವಿದ್ದ ಇಲಿನಾಯ್ ರಾಜ್ಯದ ಕೋಟೆ. 1836ರಲ್ಲಿ ಆ ಗೆರೆಗೆ ಎಷ್ಟೋ ಉತ್ತರಕ್ಕಿದ್ದ, ಈಗ ಮಿನೆಸೋಟಾಕ್ಕೆ ಸೇರಿರುವ ಸ್ನೆಲ್ಲಿಂಗ್ ಕೋಟೆ. ಅಲ್ಲಿ ಅವನಿಗೆ ಹ್ಯಾರಿಯೆಟ್ ರಾಬಿನ್‌ಸನ್‌ಳ ಪರಿಚಯವಾಯಿತು. ಅವಳೂ ಗುಲಾಮಳೇ. ಮ್ಯಾಜಿಸ್ಟ್ರೇಟನ ಅಧಿಕಾರವಿದ್ದ ಅವಳ ಯಜಮಾನ ತಾನೇ ನಿಂತು ಇಬ್ಬರ ಮದುವೆ ಮಾಡಿಸಿದ. ಇದು ಸಣ್ಣ ಸಂಗತಿಯಲ್ಲ. ಗುಲಾಮಗಿರಿಯ ರಾಜ್ಯಗಳಲ್ಲಿ ಗುಲಾಮರ ಮದುವೆಗೆ ಕಾನೂನಿನ ಮಾನ್ಯತೆ ಇರಲಿಲ್ಲ. ಗಂಡನನ್ನು ಒಂದೂರಿಗೆ, ಹೆಂಡತಿಯನ್ನು ಮತ್ತೊಂದೂರಿಗೆ ಮಾರಿದರೆ ಕೇಳುವ ಹಾಗಿರಲಿಲ್ಲ. 1838ರಲ್ಲಿ ಮಿಸಿಸಿಪಿ ನದಿಯ ಹಬೆಹಡಗಿನಲ್ಲಿ, ಮಿಸ್ಸೂರಿಯ ಗಡಿಗೆ ಉತ್ತರದಲ್ಲಿ, ಹಿರಿಮಗಳು ಎಲೈಜಾ ಹುಟ್ಟಿದಳು. ಲಿಜ್ಜೀ ಕಿರಿಯವಳು.

1843ರಲ್ಲಿ ಎಮರ್ಸನ್ ತೀರಿಕೊಂಡ. ಹಣ ಕೊಟ್ಟು ಬಿಡುಗಡೆ ಪಡೆಯಲು ಡ್ರೆಡ್ ನೋಡಿದ; ವೈದ್ಯನ ವಿಧವೆ ಒಪ್ಪಲಿಲ್ಲ. ಹೆಣ್ಣುಮಕ್ಕಳು ಬೆಳೆಯುತ್ತಿದ್ದರು. ಯಾವ ದಿನ ಯಾರ ಕೈಗೆ ಮಾರಾಟವಾದಾರೋ ಹೇಳುವಂತಿರಲಿಲ್ಲ. 1846ರ ಏಪ್ರಿಲ್ 6ರಂದು ಗಂಡ ಹೆಂಡತಿ ಸೇಂಟ್ ಲೂಯಿಸ್ ಕೋರ್ಟಿನಲ್ಲಿ ದಾವೆ ಹೂಡಿದರು. ಓದು ಬರಹ ಬಾರದ ಅವರು ಅರ್ಜಿಗೆ ಗುಣಾಕಾರದ ಗುರುತು ಹಾಕಿದರು. ಅದೇ ಕೋರ್ಟಿನ ಮೆಟ್ಟಿಲ ಮೇಲೆ ಗುಲಾಮರ ಹರಾಜೂ ನಡೆಯುತ್ತಿತ್ತು!

ದಾವೆಗೆ ಆಧಾರವಿತ್ತು. ಯಜಮಾನನೇ ಸ್ವತಂತ್ರ ನೆಲಕ್ಕೆ ಕರೆದೊಯ್ದು ನೆಲೆಸಿದ ಗುಲಾಮನಿಗೆ ಬಿಡುಗಡೆಯೆಂದು ಮಿಸ್ಸೂರಿಯ ಕೋರ್ಟುಗಳೇ 1824ರಿಂದ ಹೇಳುತ್ತಾ ಬಂದಿದ್ದವು. 1847ರಲ್ಲಿ ಸಾಕ್ಷಿಯ ಒಂದು ತಾಂತ್ರಿಕ ಲೋಪದಿಂದ ಸೋತರು. 1850ರಲ್ಲಿ ಗೆದ್ದರು. ಎರಡೇ ವರ್ಷ, 1852ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ, ಕಾಲ ಬದಲಾಗಿದೆಯೆಂದು ಹೇಳಿ, ಅದನ್ನು ತಳ್ಳಿಹಾಕಿತು. ಇಷ್ಟು ವರ್ಷ ಖರ್ಚಿಗೆ ಕೈಹಿಡಿದವರು ಯಾರು ಗೊತ್ತೇ? ಹಳೆಯ ಯಜಮಾನ ಬ್ಲೋನ ಮಕ್ಕಳು, ಡ್ರೆಡ್‌ನ ಕಣ್ಣೆದುರು ಬೆಳೆದವರು.

ದಾವೆ ಕೊನೆಗೆ ವಾಷಿಂಗ್ಟನ್ನಿನ ಸರ್ವೋಚ್ಚ ನ್ಯಾಯಾಲಯ ಮುಟ್ಟಿತು. ಇಲ್ಲಿಂದ ಮುಂದಿನದನ್ನು ಬರೆಯಲು ಗುರುವಾದ ನನಗೆ ಸಂಕೋಚವಾಗುತ್ತದೆ. ಮುಖ್ಯ ನ್ಯಾಯಮೂರ್ತಿ ರೋಜರ್ ಟಾನಿ ಕಥೋಲಿಕ. ಆ ಪೀಠವೇರಿದ ಮೊದಲ ಕಥೋಲಿಕ. ತನಗೆ ಬಳುವಳಿಯಾಗಿ ಬಂದಿದ್ದ ಗುಲಾಮರನ್ನು ಎಷ್ಟೋ ವರ್ಷ ಮೊದಲೇ ಬಿಡುಗಡೆ ಮಾಡಿದ್ದವನು. ಮನೆಯಲ್ಲಿ ಅಂಥ ಮನುಷ್ಯ, 1857ರ ಮಾರ್ಚ್ 6ರಂದು ಪೀಠದಲ್ಲಿ ಕುಳಿತು ಓದಿದ ತೀರ್ಪು ಹೀಗಿತ್ತು: ಆಫ್ರಿಕಾ ಮೂಲದ ಗುಲಾಮರ ಸಂತತಿಯವರು ದೇಶದ ಪ್ರಜೆಗಳಾಗಲಾರರು, ಆದ್ದರಿಂದ ಡ್ರೆಡ್‌ಗೆ ದಾವೆ ಹೂಡುವ ಹಕ್ಕೇ ಇಲ್ಲ, ಗುಲಾಮರು ಸ್ವತ್ತು, ಪಶ್ಚಿಮದ ಪ್ರಾಂತಗಳಿಗೆ ಆ ಸ್ವತ್ತನ್ನು ಒಯ್ಯುವುದನ್ನು ಸಂಸತ್ತು ತಡೆಯುವಂತಿಲ್ಲ. ಏಳು ಮಂದಿ ಒಂದು ಕಡೆ, ಇಬ್ಬರು ಇನ್ನೊಂದು ಕಡೆ. ಕಾನೂನು ನ್ಯಾಯವೋ ಅನ್ಯಾಯವೋ ಎಂದು ತೂಗುವುದು ತನ್ನ ಕೆಲಸವಲ್ಲ ಎಂದು ಟಾನಿ ಮೊದಲೇ ಹೇಳಿ ಕೈತೊಳೆದುಕೊಂಡಿದ್ದ. ಕೈತೊಳೆದ ಮತ್ತೊಬ್ಬ ನ್ಯಾಯಾಧಿಪತಿಯನ್ನು ನಾವು ಪ್ರತಿ ಭಾನುವಾರ ವಿಶ್ವಾಸ ಪ್ರಮಾಣದಲ್ಲಿ ಹೆಸರಿಸುತ್ತೇವೆ.

ಅವನೊಬ್ಬನನ್ನೇ ದೂರಿ ಪ್ರಯೋಜನವಿಲ್ಲ. 1839ರಲ್ಲಿ ಜಗದ್ಗುರು ಹದಿನಾರನೇ ಗ್ರೆಗೊರಿಯವರು ಗುಲಾಮರ ವ್ಯಾಪಾರವನ್ನು ಖಂಡಿಸಿ ಪತ್ರ ಹೊರಡಿಸಿದ್ದರು. ಅದು ಹಡಗಿನಲ್ಲಿ ನಡೆಯುವ ವ್ಯಾಪಾರಕ್ಕೆ ಸೇರಿದ್ದು, ನಮ್ಮ ಮನೆಯ ಗುಲಾಮರಿಗಲ್ಲ ಎಂದು ಅರ್ಥ ಹೇಳಿದ ಧರ್ಮಾಧ್ಯಕ್ಷರು ಅಮೆರಿಕದಲ್ಲಿದ್ದರು. ಅದಕ್ಕೆ ಒಂದು ವರ್ಷ ಮೊದಲಷ್ಟೇ ಟಾನಿಯ ರಾಜ್ಯ ಮೇರಿಲ್ಯಾಂಡಿನ ಯೇಸುಸಭೆಯ ಗುರುಗಳು 272 ಗುಲಾಮರನ್ನು ಲೂಯಿಸಿಯಾನಾಕ್ಕೆ ಮಾರಿದ್ದರು.

ಡ್ರೆಡ್‌ಗೆ ಬಿಡುಗಡೆ ಸಿಕ್ಕಿತು, ಕೋರ್ಟಿನಿಂದಲ್ಲ. ಎಮರ್ಸನ್‌ನ ವಿಧವೆ ಮರುಮದುವೆಯಾಗಿದ್ದಳು. ಹೊಸ ಗಂಡ ಗುಲಾಮಗಿರಿಯ ವಿರೋಧಿ ಸಂಸದ! ಮುಜುಗರವಾಗಿ, ಕುಟುಂಬವನ್ನು ಟೇಲರ್ ಬ್ಲೋ ಹೆಸರಿಗೆ ಬರೆದುಕೊಟ್ಟರು. 1857ರ ಮೇ 26ರಂದು ಅವನು ನಾಲ್ವರನ್ನೂ ಬಿಡುಗಡೆ ಮಾಡಿದ. ಡ್ರೆಡ್ ಸೇಂಟ್ ಲೂಯಿಸ್‌ನ ಹೋಟೆಲೊಂದರಲ್ಲಿ ಸಾಮಾನು ಹೊರುವ ಕೆಲಸಕ್ಕೆ ಸೇರಿದ. ಹ್ಯಾರಿಯೆಟ್ ಬಟ್ಟೆ ಒಗೆದು ದುಡಿದಳು. ಮುಂದಿನ ವರ್ಷ ಸೆಪ್ಟೆಂಬರ್ 17ರಂದು ಕ್ಷಯರೋಗದಿಂದ ಡ್ರೆಡ್ ತೀರಿಕೊಂಡ. ಸ್ವತಂತ್ರನಾಗಿ ಬಾಳಿದ್ದು ಹದಿನಾರು ತಿಂಗಳೂ ತುಂಬಲಿಲ್ಲ.

ಪಶ್ಚಿಮದ ನೆಲದ ಜಗಳ 1861ರಲ್ಲಿ ಯುದ್ಧಕ್ಕೆ ತಿರುಗಿತು. 1865ರಲ್ಲಿ ಗುಲಾಮಗಿರಿ ರದ್ದಾಯಿತು. 1868ರ ಸಂವಿಧಾನ ತಿದ್ದುಪಡಿ, ಆ ನೆಲದಲ್ಲಿ ಹುಟ್ಟಿದವರು ಪ್ರಜೆಗಳೆಂದು ಸಾರಿ ಟಾನಿಯ ತೀರ್ಪನ್ನು ಅಳಿಸಿತು. ಡ್ರೆಡ್‌ನ ದೇಹವನ್ನು ಟೇಲರ್ ಬ್ಲೋ 1867ರಲ್ಲಿ ಸೇಂಟ್ ಲೂಯಿಸ್‌ನ ಕಥೋಲಿಕ ಸ್ಮಶಾನ ಕ್ಯಾಲ್ವರಿಗೆ ತರಿಸಿದ. 1957ರವರೆಗೆ ಅಲ್ಲೊಂದು ಹೆಸರಿನ ಕಲ್ಲೂ ಇರಲಿಲ್ಲ.

ತೀರ್ಪಿಗೆ 160 ವರ್ಷ ತುಂಬಿದ ದಿನ, 2017ರ ಮಾರ್ಚ್ 6ರಂದು, ಮೇರಿಲ್ಯಾಂಡಿನ ವಿಧಾನಸಭಾ ಭವನದೆದುರು ಟಾನಿಯ ವಂಶದವರೊಬ್ಬರು ಡ್ರೆಡ್‌ನ ವಂಶದವರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು. ಡ್ರೆಡ್‌ನ ವಂಶದ ಮಹಿಳೆಯೊಬ್ಬರು ಅದನ್ನು ಸ್ವೀಕರಿಸಿದರು. ಟಾನಿಯ ಕಂಚಿನ ಪ್ರತಿಮೆ ಆಗ ಅದೇ ಅಂಗಳದಲ್ಲಿತ್ತು. ಆಗಸ್ಟಿನಲ್ಲಿ ಅದನ್ನು ತೆಗೆದರು.