ಡಾ. ಡಿ.ಎಂ. ನಂಜುಂಡಪ್ಪ: ಜೀವನ, ಕಾರ್ಯ ಮತ್ತು ಪ್ರಾದೇಶಿಕ ಅಭಿವೃದ್ಧಿ ಸಂಸ್ಥೆಗಳ ಹೊಣೆಗಾರಿಕೆ

ಪೀಠಿಕೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಸಾರ್ವಜನಿಕರು ಕಚೇರಿಗಳಲ್ಲಿಯೂ ಸಭೆಗಳಲ್ಲಿಯೂ ನಂಜುಂಡಪ್ಪ ವರದಿ ಎಂಬ ಮಾತನ್ನು ಪದೇ ಪದೇ ಕೇಳುತ್ತಾರೆ. ರಸ್ತೆ, ಶಾಲಾ ಕೊಠಡಿ, ಆಸ್ಪತ್ರೆ, ಕುಡಿಯುವ ನೀರು ಮೊದಲಾದ ಕಾಮಗಾರಿಗಳಿಗೆ ಅನುದಾನ ಕೋರುವಾಗ ಈ ವರದಿಯನ್ನು ಆಧಾರವಾಗಿ ಉಲ್ಲೇಖಿಸುವುದು ರೂಢಿಯಾಗಿದೆ. ಆದರೆ ವರದಿಯನ್ನು ಸಿದ್ಧಪಡಿಸಿದ ಅರ್ಥಶಾಸ್ತ್ರಜ್ಞರ ಬಗ್ಗೆಯಾಗಲೀ, ವರದಿಯು ಅಭಿವೃದ್ಧಿ ಸಂಸ್ಥೆಗಳ ಮೇಲೆ ಹೊರಿಸಿದ ಹೊಣೆಯ ಬಗ್ಗೆಯಾಗಲೀ ತಿಳಿದವರು ಕಡಿಮೆ. ಸಾರ್ವಜನಿಕರ ಮಾಹಿತಿಗಾಗಿ ಡಾ. ಡಿ.ಎಂ. ನಂಜುಂಡಪ್ಪನವರ ಜೀವನ ಮತ್ತು ಕಾರ್ಯದ ಸಂಕ್ಷಿಪ್ತ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಅಧ್ಯಾಪನ ಮತ್ತು ಆಡಳಿತ ಸೇವೆ

ಡಾ. ನಂಜುಂಡಪ್ಪನವರು ಮೂಲತಃ ಅರ್ಥಶಾಸ್ತ್ರದ ಅಧ್ಯಾಪಕರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಅವರು ರಸ್ತೆ ಸಾರಿಗೆ ಮತ್ತು ಅದರ ಹಣಕಾಸಿನ ವಿಷಯದಲ್ಲಿ ವಿಶೇಷ ಅಧ್ಯಯನ ನಡೆಸಿದರು. ಮುಂದೆ ಅದೇ ವಿಶ್ವವಿದ್ಯಾನಿಲಯಕ್ಕೂ ಬೆಂಗಳೂರು ವಿಶ್ವವಿದ್ಯಾನಿಲಯಕ್ಕೂ ಕುಲಪತಿಗಳಾಗಿ ಸೇವೆ ಸಲ್ಲಿಸಿದರು.

ವಿಶ್ವವಿದ್ಯಾನಿಲಯದ ಅನೇಕ ವಿದ್ವಾಂಸರಿಗೆ ದೊರೆಯದ ಆಡಳಿತದ ಅನುಭವವೂ ಅವರಿಗೆ ದೊರೆಯಿತು. ರಾಜ್ಯ ಸರ್ಕಾರದ ಆರ್ಥಿಕ ಸಲಹೆಗಾರರಾಗಿ, ಯೋಜನಾ ಇಲಾಖೆಯ ಕಾರ್ಯದರ್ಶಿಗಳಾಗಿ ಹಾಗೂ ರಾಜ್ಯ ಯೋಜನಾ ಮಂಡಳಿಯ ಉಪಾಧ್ಯಕ್ಷರಾಗಿ ಅವರು ಕಾರ್ಯನಿರ್ವಹಿಸಿದರು. ಬೋಧಿಸಿದ ಧಾರವಾಡವು ಉತ್ತರ ಕರ್ನಾಟಕದಲ್ಲಿ, ಆಡಳಿತ ನಡೆಸಿದ ಬೆಂಗಳೂರು ದಕ್ಷಿಣದಲ್ಲಿ. ಹೀಗೆ ರಾಜ್ಯದ ಎರಡೂ ಭಾಗಗಳನ್ನು ಬಲ್ಲವರೆಂಬ ಹಿನ್ನೆಲೆಯು ಅವರ ಕೊನೆಯ ದೊಡ್ಡ ಕೆಲಸಕ್ಕೆ ಒದಗಿಬಂದಿತು.

ಉನ್ನತಾಧಿಕಾರ ಸಮಿತಿ

ಬಳ್ಳಾರಿ ಜಿಲ್ಲೆಯನ್ನೂ ಒಳಗೊಂಡಂತೆ ಹೈದರಾಬಾದ್ ಕರ್ನಾಟಕ ಪ್ರದೇಶಕ್ಕೆ 1991ರ ಅಧಿನಿಯಮದ ಮೇರೆಗೆ ಅಭಿವೃದ್ಧಿ ಮಂಡಳಿಯು ಈ ಮೊದಲೇ ಸ್ಥಾಪನೆಯಾಗಿತ್ತು. ಮಂಡಳಿ ಇತ್ತು, ಅನುದಾನವೂ ಇತ್ತು. ಆದರೂ ಯಾವ ತಾಲ್ಲೂಕು ಎಷ್ಟು ಹಿಂದುಳಿದಿದೆ, ಯಾವ ವಿಷಯದಲ್ಲಿ ಹಿಂದುಳಿದಿದೆ ಎಂಬುದಕ್ಕೆ ಎಲ್ಲರೂ ಒಪ್ಪುವ ಅಳತೆ ಇರಲಿಲ್ಲ. ಅಳತೆ ಇಲ್ಲದೆಡೆ ಅನುದಾನದ ಬೇಡಿಕೆಯೂ ಹಂಚಿಕೆಯೂ ಪ್ರಭಾವವನ್ನು ಅವಲಂಬಿಸುವುದು ಸಹಜ.

ಈ ಕೊರತೆಯನ್ನು ನೀಗಿಸಲು ರಾಜ್ಯ ಸರ್ಕಾರವು 2000ನೇ ಇಸವಿಯಲ್ಲಿ ಪ್ರಾದೇಶಿಕ ಅಸಮತೋಲನ ನಿವಾರಣೆಗಾಗಿ ಉನ್ನತಾಧಿಕಾರ ಸಮಿತಿಯನ್ನು ರಚಿಸಿ, ಡಾ. ನಂಜುಂಡಪ್ಪನವರನ್ನು ಅದರ ಅಧ್ಯಕ್ಷರನ್ನಾಗಿ ನೇಮಿಸಿತು. ಸಮಿತಿಯು 2002ರ ಜೂನ್ ತಿಂಗಳಲ್ಲಿ ತನ್ನ ವರದಿಯನ್ನು ಸರ್ಕಾರಕ್ಕೆ ಸಲ್ಲಿಸಿತು.

ಅಳತೆಯ ವಿಧಾನ

ಸಮಿತಿಯು ಜಿಲ್ಲೆಯ ಬದಲು ತಾಲ್ಲೂಕನ್ನು ಅಳತೆಯ ಘಟಕವನ್ನಾಗಿ ಪರಿಗಣಿಸಿತು. ಜಿಲ್ಲೆಯ ಸರಾಸರಿಯಲ್ಲಿ ಮುಂದುವರಿದ ತಾಲ್ಲೂಕಿನ ಅಂಕಿಗಳು ಹಿಂದುಳಿದ ತಾಲ್ಲೂಕಿನ ಸ್ಥಿತಿಯನ್ನು ಮರೆಮಾಡುತ್ತವೆ ಎಂಬುದು ಇದಕ್ಕೆ ಕಾರಣ. ಕೃಷಿ, ಕೈಗಾರಿಕೆ, ರಸ್ತೆ, ಬ್ಯಾಂಕ್ ಸೌಲಭ್ಯ, ಆರೋಗ್ಯ, ಶಿಕ್ಷಣ, ಕುಡಿಯುವ ನೀರು ಮುಂತಾದ ಕ್ಷೇತ್ರಗಳಿಗೆ ಸೇರಿದ 35 ಸೂಚಕಗಳನ್ನು ಒಟ್ಟುಗೂಡಿಸಿ ಪ್ರತಿ ತಾಲ್ಲೂಕಿಗೆ ಒಂದು ಅಭಿವೃದ್ಧಿ ಸೂಚ್ಯಂಕವನ್ನು ಸಿದ್ಧಪಡಿಸಲಾಯಿತು. ರಾಜ್ಯದ ಸರಾಸರಿಯನ್ನು 1 ಎಂದು ಇಟ್ಟುಕೊಂಡು, ಅದಕ್ಕಿಂತ ಕಡಿಮೆ ಇರುವ ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಲಾಯಿತು.

ಆಗ ರಾಜ್ಯದಲ್ಲಿದ್ದ 175 ತಾಲ್ಲೂಕುಗಳ ಪೈಕಿ 114 ತಾಲ್ಲೂಕುಗಳು ಹಿಂದುಳಿದಿರುವುದು ಇದರಿಂದ ಕಂಡುಬಂದಿತು. ಇವುಗಳಲ್ಲಿ 39 ಅತ್ಯಂತ ಹಿಂದುಳಿದ, 40 ಅತಿ ಹಿಂದುಳಿದ ಮತ್ತು 35 ಹಿಂದುಳಿದ ತಾಲ್ಲೂಕುಗಳು. ಹಿಂದುಳಿದವು ಉತ್ತರದಲ್ಲಿ ಮಾತ್ರವಲ್ಲದೆ ದಕ್ಷಿಣದಲ್ಲಿಯೂ ಇದ್ದವು. ಉತ್ತರದಲ್ಲಿ 59, ದಕ್ಷಿಣದಲ್ಲಿ 55. ಆದರೆ ಕೊರತೆಯ ಆಳವು ಗುಲ್ಬರ್ಗಾ ವಿಭಾಗದಲ್ಲಿಯೇ ಹೆಚ್ಚಾಗಿತ್ತು.

ತಾಲ್ಲೂಕೊಂದು ಸರಾಸರಿಗಿಂತ ಎಷ್ಟು ಕೆಳಗಿದೆಯೋ ಅದಕ್ಕೆ ತಕ್ಕಂತೆ ಹಣ ಹಂಚಿಕೆಯಾಗಬೇಕೆಂಬುದು ಸಮಿತಿಯ ಮುಖ್ಯ ಶಿಫಾರಸು. ಉದಾಹರಣೆಗೆ, ಸೂಚ್ಯಂಕ 0.75 ಇರುವ ತಾಲ್ಲೂಕಿನ ಕೊರತೆ 0.25, ಸೂಚ್ಯಂಕ 0.95 ಇರುವ ತಾಲ್ಲೂಕಿನ ಕೊರತೆ 0.05. ಇವೆರಡಕ್ಕೂ ಸಮನಾಗಿ ಹಂಚಿದರೆ ಅಂತರವು ಹಾಗೆಯೇ ಉಳಿಯುತ್ತದೆ. ಈ ತತ್ತ್ವದ ಮೇಲೆ ಎಂಟು ವರ್ಷಗಳಿಗೆ 31,000 ಕೋಟಿ ರೂಪಾಯಿಗಳ ವಿಶೇಷ ಅಭಿವೃದ್ಧಿ ಯೋಜನೆಯನ್ನು ಸಮಿತಿಯು ಸೂಚಿಸಿತು. ಇದರಲ್ಲಿ 16,000 ಕೋಟಿ ರೂಪಾಯಿಗಳು ಹೆಚ್ಚುವರಿಯಾಗಿ ಒದಗಿಸಬೇಕಾದ ಮೊತ್ತ. ಗುಲ್ಬರ್ಗಾ ವಿಭಾಗಕ್ಕೆ ಶೇಕಡಾ 40ರಷ್ಟು ಪಾಲನ್ನು ಶಿಫಾರಸು ಮಾಡಲಾಯಿತು.

ಐದು ತಾಲ್ಲೂಕುಗಳ ಸ್ಥಿತಿ

ವರದಿಯಲ್ಲಿ ಕೂಡ್ಲಿಗಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿದವು. ಹೂವಿನಹಡಗಲಿ ಮತ್ತು ಹಗರಿಬೊಮ್ಮನಹಳ್ಳಿ ಸಹ 114 ಹಿಂದುಳಿದ ತಾಲ್ಲೂಕುಗಳಲ್ಲಿ ಸ್ಥಾನ ಪಡೆದವು. ಕೊಟ್ಟೂರು ಆಗ ಕೂಡ್ಲಿಗಿ ತಾಲ್ಲೂಕಿನ ಭಾಗವಾಗಿದ್ದುದರಿಂದ ಅದಕ್ಕೆ ಪ್ರತ್ಯೇಕ ಸೂಚ್ಯಂಕವಿಲ್ಲ. ಕೊಟ್ಟೂರಿನ ಸಾರ್ವಜನಿಕರು 2002ರ ಅಂಕಿಗಳನ್ನು ಕೂಡ್ಲಿಗಿಯ ಹೆಸರಿನಲ್ಲಿ ನೋಡತಕ್ಕದ್ದು.

ಹರಪನಹಳ್ಳಿಯ ಪ್ರಕರಣವು ವಿಶೇಷ ಗಮನಕ್ಕೆ ಅರ್ಹವಾದುದು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಈ ತಾಲ್ಲೂಕನ್ನು ಬಳ್ಳಾರಿ ಜಿಲ್ಲೆಯಿಂದ ಬೇರ್ಪಡಿಸಿ ಹೊಸ ಜಿಲ್ಲೆಗೆ ಸೇರಿಸಲಾಯಿತು. ಅಳತೆಯ ಪ್ರಕಾರ ಅದು ಕೂಡ್ಲಿಗಿಯಂತೆಯೇ ಅತ್ಯಂತ ಹಿಂದುಳಿದ ತಾಲ್ಲೂಕು. ಆದರೆ ಜಿಲ್ಲೆಯ ಗಡಿಯ ಪ್ರಕಾರ ಹೈದರಾಬಾದ್ ಕರ್ನಾಟಕಕ್ಕೆ ಹೊರಗಿನದು. ಸಂವಿಧಾನದ 98ನೇ ತಿದ್ದುಪಡಿಯ ಮೂಲಕ 371(ಜೆ) ಅನುಚ್ಛೇದವು 2013ರಲ್ಲಿ ಜಾರಿಗೆ ಬಂದಾಗಲೂ ಅದರ ಸೌಲಭ್ಯಗಳು ಪಕ್ಕದ ಹಡಗಲಿ ಹಾಗೂ ಕೂಡ್ಲಿಗಿಗೆ ದೊರೆತವೇ ಹೊರತು ಹರಪನಹಳ್ಳಿಗೆ ದೊರೆಯಲಿಲ್ಲ. ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿಯೂ ಸರ್ಕಾರಿ ಹುದ್ದೆಗಳಲ್ಲಿಯೂ ಸ್ಥಳೀಯರಿಗೆ ದೊರೆತ ಮೀಸಲಾತಿಯು ಹರಪನಹಳ್ಳಿಯ ವಿದ್ಯಾರ್ಥಿಗಳಿಗೆ ಅನ್ವಯಿಸಲಿಲ್ಲ. ಜನರ ದೀರ್ಘಕಾಲದ ಹೋರಾಟದ ಫಲವಾಗಿ 2018ರಲ್ಲಿ ತಾಲ್ಲೂಕನ್ನು ಮರಳಿ ಬಳ್ಳಾರಿ ಜಿಲ್ಲೆಗೆ ಸೇರಿಸಲಾಯಿತು. 2021ರಲ್ಲಿ ವಿಜಯನಗರ ಜಿಲ್ಲೆಯು ಅಸ್ತಿತ್ವಕ್ಕೆ ಬಂದ ಮೇಲೆ ಐದೂ ತಾಲ್ಲೂಕುಗಳು ಹೊಸಪೇಟೆಯೊಂದಿಗೆ ಒಂದೇ ಜಿಲ್ಲೆಯಲ್ಲಿವೆ.

ನಿಧನ ಮತ್ತು ನಂತರದ ಬೆಳವಣಿಗೆಗಳು

ಡಾ. ನಂಜುಂಡಪ್ಪನವರು 2005ರಲ್ಲಿ ನಿಧನರಾದರು. ಅವರು ಸೂಚಿಸಿದ ವಿಶೇಷ ಅಭಿವೃದ್ಧಿ ಯೋಜನೆಯು 2007-08ನೇ ಸಾಲಿನಿಂದ ಆರಂಭವಾಯಿತು. ಅದನ್ನು ನೋಡುವ ಅವಕಾಶ ಅವರಿಗೆ ಒದಗಲಿಲ್ಲ. ಎಂಟು ವರ್ಷಗಳ ಅವಧಿ ಮುಗಿದರೂ ಅಂತರವು ಪೂರ್ಣವಾಗಿ ನೀಗದ ಕಾರಣ ಯೋಜನೆಯನ್ನು ಮುಂದುವರಿಸಬೇಕಾಯಿತು. 2024ರಲ್ಲಿ ಸರ್ಕಾರವು ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಅಸಮತೋಲನದ ಮರು ಅಧ್ಯಯನಕ್ಕಾಗಿ ಹೊಸ ಸಮಿತಿಯನ್ನು ರಚಿಸಿತು.

ಅಭಿವೃದ್ಧಿ ಮಂಡಳಿಯ ಹೊಣೆಗಾರಿಕೆ

ಹೈದರಾಬಾದ್ ಕರ್ನಾಟಕಕ್ಕೆ 2019ರಲ್ಲಿ ಕಲ್ಯಾಣ ಕರ್ನಾಟಕವೆಂದು ಮರುನಾಮಕರಣವಾಯಿತು. ಕಲಬುರಗಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯು ಈ ಐದು ತಾಲ್ಲೂಕುಗಳ ಅಭಿವೃದ್ಧಿಗೆ ಅನುದಾನ ಒದಗಿಸುತ್ತದೆ. ಮಂಡಳಿಯ ಕಾರ್ಯನಿರ್ವಹಣೆಯ ವರದಿಯನ್ನು ಪ್ರತಿ ವರ್ಷ ರಾಜ್ಯ ವಿಧಾನಸಭೆಯ ಮುಂದೆ ಮಂಡಿಸಬೇಕೆಂಬ ಉಪಬಂಧವು 371(ಜೆ) ಅನುಚ್ಛೇದದಲ್ಲಿಯೇ ಇದೆ. ಲೆಕ್ಕ ಒಪ್ಪಿಸುವುದು ಮಂಡಳಿಯ ಔದಾರ್ಯವಲ್ಲ. ಸಂವಿಧಾನವೇ ವಿಧಿಸಿದ ಕರ್ತವ್ಯ.

ಲೆಕ್ಕದಲ್ಲಿ ಎರಡು ಬಗೆಯುಂಟು. ಬಿಡುಗಡೆಯಾದ ಹಣ ಎಷ್ಟು, ಖರ್ಚಾದದ್ದು ಎಷ್ಟು ಎಂಬುದು ಮೊದಲನೆಯದು. ಆ ಖರ್ಚಿನಿಂದ ತಾಲ್ಲೂಕಿನ ಕೊರತೆ ಎಷ್ಟು ಕಡಿಮೆಯಾಯಿತು ಎಂಬುದು ಎರಡನೆಯದು. ಅನುದಾನವೆಲ್ಲವೂ ಖರ್ಚಾಗಿಯೂ ಶಾಲೆಗೆ ಶಿಕ್ಷಕರಿಲ್ಲದಿದ್ದರೆ, ಆಸ್ಪತ್ರೆಗೆ ವೈದ್ಯರಿಲ್ಲದಿದ್ದರೆ, ಮೊದಲನೆಯ ಲೆಕ್ಕ ಸರಿಯಿದ್ದು ಎರಡನೆಯದು ಬಾಕಿ ಉಳಿಯುತ್ತದೆ. ಈ ಎರಡನೆಯ ಲೆಕ್ಕವನ್ನು ಕೇಳಲು ಸಾಧ್ಯವಾಗುವಂತೆ ಪ್ರತಿ ತಾಲ್ಲೂಕಿಗೂ ಒಂದು ಅಂಕಿಯನ್ನು ಒದಗಿಸಿದ್ದೇ ಡಾ. ನಂಜುಂಡಪ್ಪನವರ ಸ್ಥಾಯಿಯಾದ ಕೊಡುಗೆ.

ಸಾರ್ವಜನಿಕರ ಗಮನಕ್ಕೆ

ತಮ್ಮ ಗ್ರಾಮದಲ್ಲಿ ಮಂಡಳಿಯ ಅನುದಾನದಿಂದ ಕೈಗೊಂಡ ಕಾಮಗಾರಿಯ ಅಂದಾಜು ಮೊತ್ತ, ಗುತ್ತಿಗೆಯ ಅವಧಿ, ಪಾವತಿಯ ವಿವರ ಹಾಗೂ ಪೂರ್ಣಗೊಂಡ ಪ್ರಮಾಣಪತ್ರದ ಪ್ರತಿಯನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಯಾವುದೇ ನಾಗರಿಕರು ಪಡೆಯಬಹುದು. ಅರ್ಜಿ ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು. ಉತ್ತರ ಬಾರದಿದ್ದಲ್ಲಿ ಅಥವಾ ತೃಪ್ತಿಕರವಾಗಿಲ್ಲದಿದ್ದಲ್ಲಿ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. 371(ಜೆ) ಅಡಿಯ ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿಗಳು ನೀಡುತ್ತಾರೆ. ಅರ್ಜಿದಾರರು ವಾಸಸ್ಥಳಕ್ಕೆ ಸಂಬಂಧಿಸಿದ ದಾಖಲೆಗಳನ್ನು ಮುಂಚಿತವಾಗಿ ಸಿದ್ಧಪಡಿಸಿಕೊಳ್ಳುವುದು ಸೂಕ್ತ.

ಹಿಂದುಳಿದ ತಾಲ್ಲೂಕು ಎಂಬ ಹೆಸರು ಶಾಶ್ವತವಾಗಿ ಉಳಿಯಬೇಕಾದ ಬಿರುದಲ್ಲ. ಮುಂದಿನ ಪಟ್ಟಿಯಲ್ಲಿ ಈ ಐದು ತಾಲ್ಲೂಕುಗಳ ಹೆಸರು ಇರಬಾರದೆಂಬುದೇ ಡಾ. ನಂಜುಂಡಪ್ಪನವರ ಪಟ್ಟಿಯ ಉದ್ದೇಶವಾಗಿತ್ತು.