ಚಿತ್ರರಂಗ ಅಂಜುತ್ತಿದ್ದ ಲೇಖನಿ

ನನ್ನ ಸೋದರಮಾವನ ಮನೆಯ ಅಟ್ಟದಲ್ಲಿ ‘ಫಿಲ್ಮ್‌ಇಂಡಿಯಾ’ ಮಾಸಪತ್ರಿಕೆಯ ಹಳೆಯ ಸಂಚಿಕೆಗಳಿಗೆ ರಟ್ಟು ಹಾಕಿಸಿ ಇಟ್ಟಿದ್ದ ಕೆಲವು ಸಂಪುಟಗಳಿದ್ದವು. ಕಾಲೇಜಿನ ರಜೆಯಲ್ಲಿ ಅವನ್ನು ತಿರುವಿ ಹಾಕುವಾಗ ನಾನು ತಾರೆಯರ ಚಿತ್ರಗಳನ್ನು ದಾಟಿ ನೇರವಾಗಿ ಸಂಪಾದಕರ ಪ್ರಶ್ನೋತ್ತರದ ಪುಟಗಳಿಗೆ ಹೋಗುತ್ತಿದ್ದೆ. ಓದುಗರು ಏನನ್ನು ಕೇಳಿದರೂ ಅಲ್ಲಿ ಉತ್ತರವಿತ್ತು. ನಾಯಕಿಯ ವಯಸ್ಸು, ನಾಯಕನ ಸಂಸಾರ, ಸಂಗೀತ, ಮದುವೆ, ರಾಜಕಾರಣ, ದೇವರು, ಯಾವುದೂ ವರ್ಜ್ಯವಾಗಿರಲಿಲ್ಲ. ಮುಂದೆ ಸರ್ಕಾರಿ ಸೇವೆಗೆ ಸೇರಿ, ವಿಧಾನಮಂಡಲದ ಪ್ರಶ್ನೆಗಳಿಗೆ ಏನನ್ನೂ ಹೇಳದೆ ಉತ್ತರಿಸುವ ಕಲೆಯನ್ನು ಮೂರು ದಶಕ ಅಭ್ಯಾಸ ಮಾಡಿದ ನನಗೆ, ಎರಡೇ ಸಾಲಿನಲ್ಲಿ ಎಲ್ಲವನ್ನೂ ಹೇಳಿಬಿಡುತ್ತಿದ್ದ ಆ ಸಂಪಾದಕರ ನೆನಪು ಆಗಾಗ ಬರುತ್ತಿತ್ತು. ಅವರೇ ಬಾಬೂರಾವ್ ಪಟೇಲ್.

ಅವರು ಹುಟ್ಟಿದ್ದು 1904ರಲ್ಲಿ, ಮುಂಬಯಿಗೆ ಉತ್ತರದಲ್ಲಿರುವ ಪಾಲ್ಘರ್ ಸಮೀಪದ ಹಳ್ಳಿಯೊಂದರಲ್ಲಿ. ಮನೆತನದ ಹೆಸರು ಪಾಟೀಲ್. ಅದನ್ನು ಪಟೇಲ್ ಎಂದು ಬದಲಿಸಿಕೊಂಡದ್ದು ಅವರೇ. ಶಾಲೆಯ ಓದು ಅರ್ಧಕ್ಕೆ ನಿಂತಿತು. ಮುಂದೆ ಭಾರತೀಯ ಚಲನಚಿತ್ರ ಪತ್ರಿಕೋದ್ಯಮದಲ್ಲಿ ಅಷ್ಟು ಹರಿತವಾದ ಇಂಗ್ಲಿಷ್ ಬರೆದವರು ವಿರಳ ಎನಿಸಿಕೊಂಡ ಈ ಮನುಷ್ಯ ಆ ಭಾಷೆಯನ್ನು ಸ್ವಂತ ಓದಿನಿಂದಲೇ ದಕ್ಕಿಸಿಕೊಂಡಿದ್ದರು. ಇಪ್ಪತ್ತರ ದಶಕದಲ್ಲಿ ಸಿನಿಮಾ ಪತ್ರಿಕೆಯೊಂದರಲ್ಲಿ ಪಳಗಿ, ಮೂವತ್ತರ ದಶಕದ ಆರಂಭದಲ್ಲಿ ಕೆಲವು ಚಿತ್ರಗಳನ್ನು ನಿರ್ದೇಶಿಸಿದರು. ಅವು ಯಾವುವೂ ಉಳಿಯುವಂಥವಾಗಿರಲಿಲ್ಲ. 1935ರಲ್ಲಿ ಮುದ್ರಣಾಲಯದ ಮಾಲೀಕ ಡಿ.ಕೆ. ಪಾರ್ಕರ್ ಅವರ ಜೊತೆಗೂಡಿ ನಾಲ್ಕಾಣೆ ಬೆಲೆಯ ‘ಫಿಲ್ಮ್‌ಇಂಡಿಯಾ’ವನ್ನು ಹೊರತಂದರು.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಈ ಪತ್ರಿಕೆ ಒಂದು ಒಗಟು. ಸಿನಿಮಾ ಪತ್ರಿಕೆ ಬದುಕುವುದು ನಿರ್ಮಾಪಕರ ಜಾಹೀರಾತಿನಿಂದ. ಅದೇ ನಿರ್ಮಾಪಕರ ಚಿತ್ರಗಳನ್ನು ತಿಂಗಳು ತಿಂಗಳೂ ಹರಿದು ಹಾಕಿದರೆ ಜಾಹೀರಾತು ಕೊಡುವವರು ಯಾರು? ಆದರೂ ಕೊಟ್ಟರು, ಸಂಚಿಕೆಗಳ ಪುಟಗಳೇ ಅದಕ್ಕೆ ಸಾಕ್ಷಿ. ಬಾಬೂರಾವ್ ಅವರ ಹೊಗಳಿಕೆಗೆ ಬೆಲೆ ಬಂದದ್ದು ಅವರ ತೆಗಳಿಕೆಯಿಂದಲೇ ಎಂದು ನನಗೆ ತೋರುತ್ತದೆ. ಜೊತೆಗೆ ಇಂಗ್ಲಿಷ್ ಬಲ್ಲ ವಕೀಲರು, ಕಾಲೇಜು ವಿದ್ಯಾರ್ಥಿಗಳು, ಕಚೇರಿಯ ಗುಮಾಸ್ತರು ಸಿನಿಮಾ ನೋಡುವುದನ್ನು ಮರೆಮಾಚುತ್ತಿದ್ದ ಕಾಲದಲ್ಲಿ, ಅದು ಗಂಭೀರ ಮಾತುಕತೆಗೆ ಯೋಗ್ಯವಾದ ವಿಷಯ ಎಂಬ ಧೈರ್ಯವನ್ನು ಪತ್ರಿಕೆ ಅವರಿಗೆ ಕೊಟ್ಟಿತು. ‘ದಿ ಡ್ರಮ್’ (1938) ಮತ್ತು ‘ಗಂಗಾ ದಿನ್’ (1939) ಚಿತ್ರಗಳು ಭಾರತೀಯರನ್ನು ಹೀನಾಯವಾಗಿ ಚಿತ್ರಿಸಿದಾಗ ಅದು ಪಟ್ಟುಬಿಡದೆ ಪ್ರತಿಭಟಿಸಿತು. ಸಿನಿಮಾ ಬಗ್ಗೆ ತಿರಸ್ಕಾರವನ್ನೇ ತಳೆದಿದ್ದ ಗಾಂಧೀಜಿಯವರಿಗೆ, ಈ ಕಲೆಯನ್ನು ಕಡೆಗಣಿಸಬೇಡಿರೆಂದು ಖ್ವಾಜಾ ಅಹ್ಮದ್ ಅಬ್ಬಾಸ್ ಬರೆದ ಬಹಿರಂಗ ಪತ್ರ 1939ರ ಅಕ್ಟೋಬರಿನಲ್ಲಿ ಪ್ರಕಟವಾದದ್ದೂ ಇಲ್ಲಿಯೇ.

ಪತ್ರಿಕೆಯ ಹೊದಿಕೆಯೂ ಓದುಗರನ್ನು ಸೆಳೆಯುತ್ತಿತ್ತು. ವರ್ಣರಂಜಿತ ಮುಖಪುಟಗಳನ್ನು ರಚಿಸಿದವರಲ್ಲಿ ನಮ್ಮ ಕಲಬುರಗಿಯ ಎಸ್.ಎಂ. ಪಂಡಿತ್ ಒಬ್ಬರೆಂಬುದನ್ನು ಇಲ್ಲಿ ಅಭಿಮಾನದಿಂದಲೇ ಸೇರಿಸುತ್ತೇನೆ.

ವಿಮರ್ಶೆಯಲ್ಲಿ ಬಾಬೂರಾವ್ ದಯೆ ತೋರಿದವರಲ್ಲ. 1944ರಲ್ಲಿ ‘ಜ್ವಾರ್ ಭಾಟಾ’ ಚಿತ್ರದಿಂದ ಪರದೆಗೆ ಬಂದ ದಿಲೀಪ್ ಕುಮಾರ್ ಎಂಬ ಹೊಸಬನನ್ನು ಕಂಡು, ಈತನಿಗೆ ಮೈಯಲ್ಲಿ ರಕ್ತವೇ ಇದ್ದಂತಿಲ್ಲ, ಮೊದಲು ಪುಷ್ಟಿಕರವಾದ ಆಹಾರ ಬೇಕು ಎಂಬರ್ಥದಲ್ಲಿ ಅವರ ಪತ್ರಿಕೆ ಲೇವಡಿ ಮಾಡಿತು. ಆ ಹೊಸಬ ಮುಂದೆ ಏನಾದರೆಂಬುದನ್ನು ಯಾರಿಗೂ ಹೇಳಬೇಕಾಗಿಲ್ಲ. ಮೆಚ್ಚಿದಾಗಲೂ ಅವರಿಗೆ ಮಿತಿಯಿರಲಿಲ್ಲ. 1957ರಲ್ಲಿ ಮೆಹಬೂಬ್ ಖಾನರ ‘ಮದರ್ ಇಂಡಿಯಾ’ ತೆರೆಕಂಡಾಗ ಅದನ್ನು ದೇಶದ ಸರ್ವಶ್ರೇಷ್ಠ ಚಿತ್ರವೆಂದೇ ಸಾರಿದರು. ಆ ಪಾತ್ರವನ್ನು ನರ್ಗಿಸ್ ಹೊರತು ಬೇರಾರೂ ನಿರ್ವಹಿಸಲಾರರೆಂದೂ ಬರೆದರು. ಈ ತೀರ್ಪನ್ನು ಮಾತ್ರ ಕಾಲವೂ ಬಹುಮಟ್ಟಿಗೆ ಒಪ್ಪಿದೆ.

ಪತ್ರಿಕೆಯ ಬೆನ್ನೆಲುಬಾಗಿ ಇನ್ನೊಬ್ಬರಿದ್ದರು. ಕೊಂಕಣಿ ಮನೆಮಾತಿನ ಸುಶೀಲಾರಾಣಿ ಟೊಂಬಟ್ ವಿದ್ಯಾವಂತೆ, ಮೊಗುಬಾಯಿ ಕುರ್ಡೀಕರರಲ್ಲಿ ಸಂಗೀತ ಕಲಿತ ಗಾಯಕಿ. ಬಾಬೂರಾವ್ ಅವರನ್ನು ವರಿಸಿದ ಈಕೆ ಪತ್ರಿಕೆಯ ಬರವಣಿಗೆಯ ಹೊಣೆಯನ್ನೂ ಹಂಚಿಕೊಂಡರು. ಅವರನ್ನು ನಾಯಕಿಯಾಗಿಸಿ ಬಾಬೂರಾವ್ ‘ದ್ರೌಪದಿ’ (1944) ಮತ್ತು ‘ಗ್ವಾಲನ್’ (1946) ಚಿತ್ರಗಳನ್ನು ನಿರ್ದೇಶಿಸಿದರು. ಎರಡೂ ಸೋತವು. ದಿಲೀಪ್ ಕುಮಾರರಿಗೆ ಪೌಷ್ಟಿಕ ಆಹಾರವನ್ನು ಸೂಚಿಸಿದ ವರ್ಷವೇ ವಿಮರ್ಶಕನ ಸ್ವಂತ ಚಿತ್ರ ಮಕಾಡೆ ಮಲಗಿತು. ಅಡುಗೆಯ ರುಚಿ ಹೇಳುವವನು ಬಾಣಸಿಗನೇ ಆಗಿರಬೇಕೆಂಬ ನಿಯಮವೇನೂ ಇಲ್ಲ, ಒಪ್ಪುತ್ತೇನೆ. ಆದರೆ ಸೋಲಿನ ರುಚಿ ಕಂಡವರ ಲೇಖನಿ ತುಸು ಮೃದುವಾಗಬಹುದಿತ್ತು. ಬಾಬೂರಾವ್ ಅವರದು ಆಗಲಿಲ್ಲ.

ಅದು ಇನ್ನಷ್ಟು ಕಹಿಯಾದದ್ದು ದೇಶ ವಿಭಜನೆಯ ನಂತರ. ಚಿತ್ರರಂಗದ ಕುರಿತ ಹರಟೆ ಕ್ರಮೇಣ ರಾಷ್ಟ್ರದ ಕುರಿತ ತೀರ್ಪಾಗಿ ತಿರುಗಿತು. ನೆಹರೂ ಅವರ ಆಡಳಿತದ ಮೇಲೆ ದಾಳಿ, ಪಾಕಿಸ್ತಾನದ ಮೇಲೆ ಕಿಡಿ, ಅದರ ಜೊತೆಗೇ ಇಲ್ಲಿಯ ಮುಸ್ಲಿಮರ ಬಗ್ಗೆ ಸಂಶಯದ ಮಾತುಗಳು. ಮುಂಬಯಿಯಲ್ಲಿ ಬಾಬೂರಾವ್ ಅವರನ್ನು ಹತ್ತಿರದಿಂದ ಬಲ್ಲ ಸಾದತ್ ಹಸನ್ ಮಂಟೊ, ಲಾಹೋರಿಗೆ ಹೋದ ಮೇಲೆ ಬರೆದ ವ್ಯಕ್ತಿಚಿತ್ರದಲ್ಲಿ ಅವರ ಲೇಖನಿಯ ಹರಿತವನ್ನು ಮನಸಾರೆ ಮೆಚ್ಚಿ, ಈ ಪಲ್ಲಟದ ಬಗ್ಗೆ ನೊಂದುಕೊಂಡಿದ್ದಾರೆ. ಬಾಬೂರಾವ್ ಅವರ ಬಗ್ಗೆ ಬಂದ ಬರಹಗಳಲ್ಲಿ ಅದಕ್ಕಿಂತ ನ್ಯಾಯವಾದುದನ್ನು ನಾನು ಓದಿಲ್ಲ.

ನನ್ನನ್ನು ಕಾಡುವುದು ಅವರ ಅಭಿಪ್ರಾಯಗಳಿಗಿಂತ ಅವರ ಧಾಟಿ. ಪ್ರಶ್ನೋತ್ತರದ ಪುಟದಲ್ಲಿ ಓದುಗ ಮೊದಲು ನಗುತ್ತಾನೆ. ನಕ್ಕವನು ಆಧಾರ ಕೇಳುವುದಿಲ್ಲ. ನಟನೊಬ್ಬನನ್ನು ಹೀಗೆ ಗೇಲಿ ಮಾಡಿದರೆ ಅವನಿಗೆ ಮುಂದಿನ ಚಿತ್ರವಿದೆ. ಅಲ್ಲಿ ಅವನು ಉತ್ತರ ಕೊಟ್ಟಾನು, ದಿಲೀಪ್ ಕುಮಾರ್ ಕೊಟ್ಟಂತೆ. ಒಂದು ಸಮುದಾಯವನ್ನೇ ಅದೇ ಧಾಟಿಯಲ್ಲಿ, ಅದೇ ಎರಡು ಸಾಲಿನಲ್ಲಿ ಮುಗಿಸಿಬಿಟ್ಟರೆ ಅದು ಉತ್ತರ ಕೊಡುವುದು ಯಾವ ಪರದೆಯ ಮೇಲೆ? ಕಡತದಲ್ಲಿ ಪ್ರತಿ ವಾಕ್ಯಕ್ಕೂ ಆಧಾರ ತೋರಿಸಬೇಕಾದ ವೃತ್ತಿಯಲ್ಲಿದ್ದವನ ಅತಿ ಎಚ್ಚರ ಇದೆಂದು ಕೆಲವರಿಗೆ ಅನ್ನಿಸೀತು.

1960ರಲ್ಲಿ ಬಾಬೂರಾವ್ ‘ಮದರ್ ಇಂಡಿಯಾ’ ಎಂಬ ಹೆಸರಿನಲ್ಲಿ ರಾಜಕೀಯ ಮಾಸಪತ್ರಿಕೆಯನ್ನು ನಡೆಸತೊಡಗಿದರು. ತಾವು ಮನಸಾರೆ ಮೆಚ್ಚಿದ್ದ ಚಿತ್ರದ ಹೆಸರೇ ಅದಕ್ಕಿತ್ತು. ಹೋಮಿಯೋಪಥಿಯಲ್ಲಿ ಅವರಿಗೆ ಅಪಾರ ನಂಬಿಕೆ. ಓದುಗರಿಗೆ ವೈದ್ಯಕೀಯ ಸಲಹೆಯನ್ನೂ ನೀಡುತ್ತಿದ್ದರು. 1967ರಲ್ಲಿ ಜನಸಂಘದ ಅಭ್ಯರ್ಥಿಯಾಗಿ ಮಧ್ಯಪ್ರದೇಶದ ಶಾಜಾಪುರದಿಂದ ಲೋಕಸಭೆಗೆ ಆಯ್ಕೆಯಾದರು. ಜೀವನವಿಡೀ ಉತ್ತರ ಹೇಳಿದವರು ಈಗ ಪ್ರಶ್ನೆ ಕೇಳುವ ಸ್ಥಾನದಲ್ಲಿ ಕುಳಿತರು. ಜನ ಅವರನ್ನು ನೆನೆಯುವುದು ಮಾತ್ರ ಸಂಸದರೆಂದಲ್ಲ.

ಅವರು ತೀರಿಕೊಂಡದ್ದು 1982ರಲ್ಲಿ. ಸುಶೀಲಾರಾಣಿ 2014ರವರೆಗೆ ಬದುಕಿದ್ದರು. ಪತಿಯೊಂದಿಗೆ ಸ್ಥಾಪಿಸಿದ್ದ ಸಂಗೀತ ಸಂಸ್ಥೆಯ ಮೂಲಕ ಯುವ ಗಾಯಕರಿಗೆ ಆಸರೆಯಾದರು. ಈ ದಂಪತಿಯ ಕುರಿತು ಪತ್ರಕರ್ತ ಸಿದ್ಧಾರ್ಥ ಭಾಟಿಯಾ 2015ರಲ್ಲಿ ಪುಸ್ತಕವೊಂದನ್ನು ತಂದರು. ‘ಫಿಲ್ಮ್‌ಇಂಡಿಯಾ’ದ ಅನೇಕ ಸಂಚಿಕೆಗಳು ಈಗ ಅಂತರಜಾಲದಲ್ಲೇ ಓದಲು ಸಿಗುತ್ತವೆ. ನಿವೃತ್ತನಿಗೆ ಸಮಯಕ್ಕೇನೂ ಕೊರತೆಯಿಲ್ಲ. ಕಳೆದ ಮಳೆಗಾಲದಲ್ಲಿ ನಾನು ಅವನ್ನು ವರ್ಷದಿಂದ ವರ್ಷಕ್ಕೆ ಓದಿದೆ. ಮೊದಲ ಹತ್ತು ವರ್ಷಗಳ ಪುಟಗಳಿಗೆ ಇವತ್ತಿಗೂ ನಗು ಬಂತು. ಆಮೇಲಿನವನ್ನು ಓದುತ್ತಿದ್ದಂತೆ ಸೋದರಮಾವನ ಅಟ್ಟ ನೆನಪಾಯಿತು. ಅವರು ರಟ್ಟು ಹಾಕಿಸಿದ್ದು 1946ರ ಸಂಚಿಕೆಗಳವರೆಗೆ ಮಾತ್ರ. ಮುಂದಿನವನ್ನು ಏಕೆ ಇಟ್ಟುಕೊಳ್ಳಲಿಲ್ಲವೆಂದು ಅವರು ಬದುಕಿದ್ದಾಗ ಕೇಳಲು ನನಗೆ ತೋಚಲಿಲ್ಲ.